ಎರಡು ಸಾವಿನ ತಾಲ್ಲೂಕು, ಮೂರು ವರ್ಷದ ಅನುದಾನ

ಒಂದು ತಾಲ್ಲೂಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಹೆಚ್ಚುಕಡಿಮೆ 3,000 ಹೆರಿಗೆ. ಸ್ಯಾಂಪಲ್ ರಿಜಿಸ್ಟ್ರೇಶನ್ ಸಿಸ್ಟಮ್ ಎಂಬ ಸರ್ಕಾರಿ ಸಮೀಕ್ಷೆಯ 2018–20ರ ಲೆಕ್ಕದಂತೆ ಕರ್ನಾಟಕದಲ್ಲಿ ಪ್ರತಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಅದನ್ನೇ ಈ ತಾಲ್ಲೂಕಿಗೆ ಇಳಿಸಿದರೆ ವರ್ಷಕ್ಕೆ ಎರಡು ಸಾವು. ಒಂದು ವರ್ಷ ಒಂದೂ ಆಗದಿರಬಹುದು, ಮರುವರ್ಷ ನಾಲ್ಕಾಗಬಹುದು. ಯಾರೂ ಏನೂ ಮಾಡದಿದ್ದರೂ ಈ ಸಂಖ್ಯೆ ಹೀಗೆ ಏರಿಳಿಯುತ್ತಲೇ ಇರುತ್ತದೆ. ಇದೇ ತಾಲ್ಲೂಕಿನಲ್ಲಿ ಗರ್ಭಿಣಿಯರಿಗಾಗಿ ಕೆಲಸ ಮಾಡಬೇಕೆಂದಿರುವ ಸಣ್ಣ ಟ್ರಸ್ಟೊಂದು ಅನುದಾನದ ಅರ್ಜಿ ಬರೆಯಲು ಕೂತರೆ ಮೊದಲ ಪುಟದಲ್ಲೇ ಬೀಳುವ ವಾಕ್ಯ ಒಂದಿದೆ: ಮೂರು ವರ್ಷಗಳಲ್ಲಿ ತಾಯಂದಿರ ಮರಣ ಪ್ರಮಾಣವನ್ನು ಅರ್ಧಕ್ಕೆ ಇಳಿಸುತ್ತೇವೆ.

ಬರೆಯುವವರ ಮನಸ್ಸು ಒಳ್ಳೆಯದೇ. ಆದರೆ ಆ ವಾಕ್ಯದ ಅರ್ಥ ಎರಡು ಸಾವನ್ನು ಒಂದು ಮಾಡುತ್ತೇವೆ ಎಂದಷ್ಟೆ. ಅದು ಆದರೂ ಆದದ್ದು ಯೋಜನೆಯಿಂದಲೋ ಅದೃಷ್ಟದಿಂದಲೋ ಎಂದು ಹೇಳಲು ಯಾವ ಲೆಕ್ಕಿಗನಿಗೂ ಸಾಧ್ಯವಿಲ್ಲ. ಸಮೀಕ್ಷೆ ನಡೆಸುವ ಸರ್ಕಾರವೇ ಈ ಎಚ್ಚರ ಪಾಲಿಸುತ್ತದೆ. ಇಡೀ ರಾಜ್ಯದ ಅಂಕಿಯನ್ನೂ ಅದು ಒಂದೊಂದು ವರ್ಷಕ್ಕೆ ಬಿಡಿಯಾಗಿ ಕೊಡುವುದಿಲ್ಲ. ಮೂರು ವರ್ಷದ ಸಾವುಗಳನ್ನು ಕೂಡಿಸಿ ಒಂದು ಪ್ರಮಾಣ ಹೇಳುತ್ತದೆ. ಆರು ಕೋಟಿಗೂ ಹೆಚ್ಚು ಜನರಿರುವ ರಾಜ್ಯಕ್ಕೇ ಒಂದು ವರ್ಷದ ಅಂಕಿ ಗಟ್ಟಿಯಾಗಿ ನಿಲ್ಲದಿರುವಾಗ ಒಂದು ತಾಲ್ಲೂಕಿಗೆ ನಿಂತೀತು ಹೇಗೆ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಾಯಿಯ ಸಾವು ಎಂದರೆ ಹೆರಿಗೆ ಮೇಜಿನ ಮೇಲಾಗುವ ಸಾವು ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ. ವ್ಯಾಖ್ಯೆಯ ಪ್ರಕಾರ ಬಸಿರಿನ ಮೊದಲ ದಿನದಿಂದ ಹಿಡಿದು, ಆ ಬಸಿರು ಹೇಗೇ ಕೊನೆಗೊಂಡಿರಲಿ, ನಂತರದ 42 ದಿನಗಳ ಒಳಗೆ, ಬಸಿರಿಗೆ ಸಂಬಂಧಪಟ್ಟ ಕಾರಣದಿಂದ ಆಗುವ ಪ್ರತಿ ಸಾವೂ ಈ ಲೆಕ್ಕಕ್ಕೆ ಸೇರಬೇಕು. ಎರಡನೇ ತಿಂಗಳಲ್ಲಿ ಗರ್ಭಪಾತವಾಗಿ ನಂಜೇರಿ ಸತ್ತವಳು ಸೇರಬೇಕು. ಹೆರಿಗೆಯಾಗಿ ತಿಂಗಳ ಮೇಲೆ ಜ್ವರ ಬಂದು ತವರಿನಲ್ಲಿ ಕಣ್ಣು ಮುಚ್ಚಿದವಳು ಸೇರಬೇಕು. ಊರಿನ ಬಾಯಲ್ಲಿ ಇವರು ಹೊಟ್ಟೆನೋವಿನಿಂದ, ಜ್ವರದಿಂದ ಹೋದವರು. ಆದ್ದರಿಂದ ಒಂದು ಸಂಸ್ಥೆ ನಿಜಕ್ಕೂ ಮನೆಮನೆಗೆ ಹೋಗಿ ಕೇಳಲು ಆರಂಭಿಸಿದರೆ ಮೊದಲ ವರ್ಷ ಸಾವಿನ ಸಂಖ್ಯೆ ಇಳಿಯುವ ಬದಲು ಏರುವ ಸಂಭವವೇ ಹೆಚ್ಚು. ಮುಚ್ಚಿಹೋಗುತ್ತಿದ್ದ ಸಾವುಗಳು ಆಗ ಕಣ್ಣಿಗೆ ಬೀಳುತ್ತವೆ. ಅರ್ಧಕ್ಕೆ ಇಳಿಸುತ್ತೇವೆ ಎಂದು ಬರೆದುಕೊಟ್ಟವರಿಗೆ ಇದು ಸಂಕಟ. ಚೆನ್ನಾಗಿ ಎಣಿಸಿದರೆ ಯೋಜನೆ ಸೋತಂತೆ, ಎಣಿಸದೆ ಬಿಟ್ಟರೆ ಗೆದ್ದಂತೆ ಕಾಣುತ್ತದೆ. ಅರ್ಜಿಯ ಒಂದು ವಾಕ್ಯ ಇಂಥ ಇಕ್ಕಟ್ಟಿಗೆ ಜನರನ್ನು ತಳ್ಳಬಾರದು.

ಹಾಗಾದರೆ ಅರ್ಜಿಯಲ್ಲಿ ಏನೆಂದು ಮಾತು ಕೊಡಬೇಕು? ಉತ್ತರಕ್ಕೆ ದೂರ ಹೋಗಬೇಕಿಲ್ಲ, ಬೆಳಗಾವಿಯಲ್ಲೇ ಸಿಗುತ್ತದೆ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಒಂದು ಪ್ರಯೋಗ ನಡೆಸಿದರು. ಅಮೆರಿಕ ಸರ್ಕಾರದ ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ ಮತ್ತು ಗೇಟ್ಸ್ ಫೌಂಡೇಶನ್ ಅದಕ್ಕೆ ಹಣ ಕೊಟ್ಟಿದ್ದವು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯ ಕೈಯಲ್ಲಿ ಹೆರಿಗೆಯಾದ 1,620 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ. ಹೆರಿಗೆ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಫ್ರಿಜ್ ಬೇಡದ, ಸೂಜಿ ಬೇಡದ ಈ ಗುಳಿಗೆ 2011ರಲ್ಲಿ ಇದೇ ಉದ್ದೇಶಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿ ಸೇರಿತು.

ಅರ್ಜಿ ಬರೆಯುವವರು ಇಲ್ಲಿ ಗಮನಿಸಬೇಕಾದ್ದು ಗುಳಿಗೆಗಿಂತ ಒಂದು ಪ್ಲಾಸ್ಟಿಕ್ ಹಾಳೆಯನ್ನು. ರಕ್ತ ಎಷ್ಟು ಹೋಯಿತು ಎಂದು ಆವರೆಗೆ ಸೂಲಗಿತ್ತಿಯೂ ನರ್ಸೂ ವೈದ್ಯರೂ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಬೆಳಗಾವಿ ತಂಡ ಹೆರಿಗೆಯಾದ ತಾಯಿಯ ಕೆಳಗೆ ಹಾಸುವ, ಕೊನೆಯಲ್ಲಿ ಕೊಳವೆಯಂತೆ ಇಳಿಬಿದ್ದ, ಅಳತೆಯ ಗೆರೆ ಇರುವ ಅಗ್ಗದ ಹಾಳೆಯೊಂದನ್ನು ಬಳಸಿತು. ಹರಿದ ರಕ್ತವೆಲ್ಲ ಆ ಕೊಳವೆಗೆ ಇಳಿಯುತ್ತದೆ, ಗೆರೆ ನೋಡಿ ಎಷ್ಟೆಂದು ಹೇಳಬಹುದು. ಅದನ್ನು ಕಣ್ಣಂದಾಜಿನ ಜೊತೆ ಹೋಲಿಸಿದಾಗ ಅಂದಾಜು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ಎಂದರೆ 500 ಮಿಲಿಲೀಟರ್ ದಾಟಿ ಅಪಾಯದ ಗೆರೆ ಮುಟ್ಟಿದವಳ ವಿಷಯದಲ್ಲೂ 'ಏನಾಗಿಲ್ಲ, ಇಷ್ಟು ಹೋಗೋದು ಇದ್ದದ್ದೇ' ಎಂದು ಸಮಾಧಾನ ಹೇಳುವ ಸಂದರ್ಭಗಳು ಬರುತ್ತಿದ್ದವು. ಚಾಪೆ, ಸೀರೆ, ಸಗಣಿ ಸಾರಿಸಿದ ನೆಲ ಎಲ್ಲವೂ ರಕ್ತ ಹೀರುವಾಗ ಕಣ್ಣಿಗೆ ಕಾಣುವುದಾದರೂ ಎಷ್ಟು?

ಹದಿನೇಳು ವರ್ಷಗಳ ನಂತರ, 2023ರಲ್ಲಿ, ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಎಂಬ ಪ್ರಯೋಗದ ಫಲಿತಾಂಶ ಬಂತು. ಅಲ್ಲಿಯೂ ಅಳತೆಯ ಗೆರೆ ಇರುವ ಇಂಥದೇ ಹಾಳೆ, ಜೊತೆಗೆ ರಕ್ತಸ್ರಾವ ಕಂಡ ತಕ್ಷಣ ಮಾಡಬೇಕಾದ ಐದಾರು ಕೆಲಸಗಳನ್ನು ಒಟ್ಟೊಟ್ಟಿಗೆ ಮಾಡುವ ರೂಢಿ. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ಶೇ 60ರಷ್ಟು ತಗ್ಗಿದವು. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಅನುದಾನದ ಅರ್ಜಿ ಬರೆಯುವವರಿಗೆ ಅದೇ ಹೆಚ್ಚು ಬೆಲೆಯದ್ದು: ಹಾಳೆ ಬಳಸಿದ ಕಡೆ ರಕ್ತಸ್ರಾವವಾದವರಲ್ಲಿ ಶೇ 93 ಮಂದಿಯನ್ನು ಸಿಬ್ಬಂದಿ ಗುರುತಿಸಿದರು, ಹಳೆಯ ರೂಢಿಯಲ್ಲೇ ನಡೆದ ಕಡೆ ಶೇ 51 ಮಂದಿಯನ್ನು ಮಾತ್ರ.

ಗುರುತಿಸಿದರೋ ಇಲ್ಲವೋ ಎಂಬುದು ಒಂದು ತಾಲ್ಲೂಕಿನಲ್ಲೂ ಎಣಿಸಬಹುದಾದ ಸಂಗತಿ. 3,000 ಹೆರಿಗೆಯಲ್ಲಿ ಇಬ್ಬರು ಸಾಯುತ್ತಾರೆ, ಆದರೆ ನೂರಾರು ಮಂದಿಗೆ ಅತಿ ರಕ್ತಸ್ರಾವವಾಗುತ್ತದೆ, ಸಾವಿರದ ಲೆಕ್ಕದಲ್ಲಿ ಗರ್ಭಿಣಿಯರು ರಕ್ತಹೀನರಿರುತ್ತಾರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಸಾವಿನ ಕಡೆಗೆ ಹೋಗುವ ದಾರಿಯಲ್ಲಿ ಇರುವ ಈ ಮೈಲಿಗಲ್ಲುಗಳನ್ನು ಹಿಡಿದು ಅರ್ಜಿ ಬರೆದರೆ, ಮೂರು ವರ್ಷದಲ್ಲಿ ಏನಾಯಿತು ಎಂದು ಎದೆ ಮೇಲೆ ಕೈಯಿಟ್ಟು ಹೇಳಬಹುದು.

ದಾರಿಯನ್ನು ಹೇಗೆ ಗುರುತಿಸುವುದೆಂಬುದಕ್ಕೆ ಹಳೆಯದಾದರೂ ಇವತ್ತಿಗೂ ಸವೆಯದ ಒಂದು ವಿಧಾನವಿದೆ. 1994ರಲ್ಲಿ ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕರು, ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆ ಎಂದು ವಿವರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ನಿಶ್ಚಯಿಸುವಲ್ಲಿ ತಡ, ಹೊರಟ ಮೇಲೆ ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಕರ್ನಾಟಕದ ಇಂದಿನ ಸ್ಥಿತಿಗೆ ಇದನ್ನು ಹೊಂದಿಸಿ ನೋಡಿದರೆ ಅರ್ಜಿಗಳು ಎಲ್ಲಿ ಹಳತಾಗಿವೆ ಎಂದು ಗೊತ್ತಾಗುತ್ತದೆ. ಎಷ್ಟೋ ಪ್ರಸ್ತಾವನೆಗಳು ಇನ್ನೂ ಆಸ್ಪತ್ರೆ ಹೆರಿಗೆಯ ಬಗ್ಗೆ ಜಾಗೃತಿ ಮೂಡಿಸುತ್ತೇವೆ ಎಂದೇ ಆರಂಭವಾಗುತ್ತವೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಗಲೇ ಆಸ್ಪತ್ರೆಯಲ್ಲಿ ಆಗುತ್ತಿವೆ. 2005ರ ಜನನಿ ಸುರಕ್ಷಾ ಯೋಜನೆ, 2008ರ ನವೆಂಬರ್‌ನಲ್ಲಿ ಶುರುವಾದ 108 ಆಂಬುಲೆನ್ಸ್, ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಇವೆಲ್ಲ ಸೇರಿ ಮೊದಲ ಎರಡು ವಿಳಂಬಗಳನ್ನು ಬಹಳ ಮಟ್ಟಿಗೆ ತಗ್ಗಿಸಿವೆ. 2004–06ರಲ್ಲಿ 213 ಇದ್ದ ಮರಣ ಪ್ರಮಾಣ 69ಕ್ಕೆ ಇಳಿದದ್ದರಲ್ಲಿ ಇವುಗಳ ಪಾಲು ದೊಡ್ಡದು. ಈಗ ಉಳಿದಿರುವುದು ಹೆಚ್ಚಾಗಿ ಮೂರನೆಯದು, ಆಸ್ಪತ್ರೆಯ ಒಳಗಿನ ತಡ. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿತು, ತಾಯಂದಿರ ಸಾವುಗಳನ್ನೆಲ್ಲ ಪರಿಶೀಲಿಸಲು ಸರ್ಕಾರ ಮುಂದಾಯಿತು. ಆ ಹೆಂಗಸರು ಮನೆಯಲ್ಲಿ ಉಳಿದವರಲ್ಲ, ಹೇಳಿದಂತೆ ಆಸ್ಪತ್ರೆಗೆ ಬಂದವರು. ಅಂಥವರ ಎದುರು ಜಾಗೃತಿ ಶಿಬಿರದ ಬಜೆಟ್ ಇಡುವುದು ಅವರಿಗೆ ಮಾಡುವ ಅನ್ಯಾಯ.

ಒಳ್ಳೆಯ ಅರ್ಜಿಗೆ ಬೇಸ್‌ಲೈನ್ ಬೇಕು ಎಂದು ಎಲ್ಲ ದಾನಿಗಳೂ ಕೇಳುತ್ತಾರೆ. ಕೆಲಸ ಶುರುವಾಗುವ ಮುಂಚಿನ ಸ್ಥಿತಿಯ ಲೆಕ್ಕ ಅದು. ಅದನ್ನು ಜಿಲ್ಲಾ ಅಂಕಿಅಂಶದ ಪುಸ್ತಕದಿಂದ ಎತ್ತಿ ಬರೆಯುವ ಬದಲು ಒಂದು ಉಪಕೇಂದ್ರಕ್ಕೆ ಹೋಗಿ ರಿಜಿಸ್ಟರ್ ಬಿಡಿಸಿ ನೋಡಬೇಕು. ಹಿಮೋಗ್ಲೋಬಿನ್ ಕಾಲಂನಲ್ಲಿ ಬೆರಳಿಟ್ಟು ಮೇಲಿಂದ ಕೆಳಗೆ ಜಾರಿಸಿದರೆ 10, 10, 9, 10, 11, 10, 9 ಎಂದು ಪುಟ ತುಂಬಿರುವುದುಂಟು. ರಕ್ತದೊತ್ತಡದ ಕಾಲಂನಲ್ಲಿ 110/70, 120/80, 110/70. ನಿಜವಾದ ಅಳತೆ ಇಷ್ಟು ದುಂಡಗೆ ಬರುವುದಿಲ್ಲ. 9.4 ಇರಬೇಕು, 10.7 ಇರಬೇಕು, ಎಲ್ಲೋ ಒಂದು 6.8 ಬೆಚ್ಚಿಬೀಳಿಸಬೇಕು. ದುಂಡು ಅಂಕಿಗಳ ಪುಟ ಏನು ಹೇಳುತ್ತದೆ? ಬಹುಶಃ ಅಳೆಯುವ ಪಟ್ಟಿ ಮುಗಿದು ತಿಂಗಳಾಗಿದೆ. ಬಹುಶಃ ಬಿಪಿ ಯಂತ್ರದ ತೋಳಪಟ್ಟಿ ಗಾಳಿ ಹಿಡಿಯುತ್ತಿಲ್ಲ. ಬಹುಶಃ ಐದಾರು ಹಳ್ಳಿ ಸುತ್ತುವ ಒಬ್ಬಳೇ ಸಹಾಯಕಿ ಸಂಜೆ ಕೂತು ನೆನಪಿನಿಂದ ತುಂಬಿದ್ದಾಳೆ. ಅವಳನ್ನು ಬೈದು ಪ್ರಯೋಜನವಿಲ್ಲ. ಯೋಜನೆ ಏನಾಗಬೇಕೆಂದು ಆ ಪುಟವೇ ಹೇಳುತ್ತಿದೆ: ಎರಡು ಯಂತ್ರ, ತಡೆಯಿಲ್ಲದೆ ಪಟ್ಟಿ, ಸಹಾಯಕ್ಕೆ ಇನ್ನೊಂದು ಕೈ. ಇಂಥ ಒಂದು ಪುಟದ ನಕಲನ್ನು, ಹೆಸರುಗಳನ್ನು ಮುಚ್ಚಿ, ಅರ್ಜಿಗೆ ಲಗತ್ತಿಸಿದರೆ ಹತ್ತು ಪುಟದ ಪೀಠಿಕೆಯ ಕೆಲಸವನ್ನು ಅದೊಂದೇ ಮಾಡುತ್ತದೆ.

ಬೇಸ್‌ಲೈನ್‌ನಲ್ಲಿ ನಮ್ಮ ಕಡೆಯ ಇನ್ನೊಂದು ಗಂಟು ತವರು. ಮೊದಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಮನೆಗಳಲ್ಲಿ ಇವತ್ತಿಗೂ ಗಟ್ಟಿಯಾದ ರೂಢಿ. ಸೀಮಂತ ಮುಗಿಸಿ ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಹುಡುಗಿ ತಾಯಿ ಮನೆಗೆ ಹೊರಡುತ್ತಾಳೆ. ಸಿಂದಗಿಯಲ್ಲಿ ತಾಯಿ ಕಾರ್ಡ್ ಮಾಡಿಸಿಕೊಂಡವಳ ಹೆರಿಗೆ ಜೇವರ್ಗಿಯಲ್ಲಿ ಆಗುತ್ತದೆ. ಗಂಡನ ಊರಿನ ಆಶಾ ಅವಳನ್ನು 'ಊರಲ್ಲಿಲ್ಲ' ಎಂದು ಬರೆದು ಬಿಡುತ್ತಾಳೆ, ತವರೂರಿನ ಆಶಾಗೆ ಅವಳ ಹಳೆಯ ಕಥೆ ಏನೂ ಗೊತ್ತಿಲ್ಲ. ಕೊನೆಯ ಎರಡು ತಿಂಗಳು ಮತ್ತು ಬಾಣಂತನ, ಎಂದರೆ ಅಪಾಯ ಹೆಚ್ಚಿರುವ ಹೊತ್ತಿನಲ್ಲೇ, ಅವಳು ಎರಡೂ ಕಡೆಯ ರಿಜಿಸ್ಟರಿನಿಂದ ಜಾರಿಹೋಗುತ್ತಾಳೆ. ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರ ಕತೆಯೂ ಇದೇ. ನಮ್ಮ ತಾಲ್ಲೂಕಿನ ಇಷ್ಟು ಗರ್ಭಿಣಿಯರನ್ನು ಹೆರಿಗೆಯಾಗಿ 42 ದಿನದವರೆಗೆ ಹಿಂಬಾಲಿಸುತ್ತೇವೆ ಎಂದು ಬರೆಯುವ ಮೊದಲು, ಅವರಲ್ಲಿ ಎಷ್ಟು ಮಂದಿ ಆ 42 ದಿನ ತಾಲ್ಲೂಕಿನಲ್ಲೇ ಇರುತ್ತಾರೆ ಎಂದು ಕೇಳಿಕೊಳ್ಳಬೇಕು. ಯಾವ ಹೊರನಾಡಿನ ಮಾದರಿ ಅರ್ಜಿಯಲ್ಲೂ ಈ ಪ್ರಶ್ನೆ ಸಿಗುವುದಿಲ್ಲ. ಹೊರಗಿನಿಂದ ಬಂದ ಸಲಹೆಗಾರರಿಗಿಂತ ಊರಿನ ಸಂಸ್ಥೆ ಚೆನ್ನಾಗಿ ಅರ್ಜಿ ಬರೆಯಬಲ್ಲುದು ಎಂಬುದು ಕಾಣುವುದು ಇಂಥ ಕಡೆಯೇ.

ರೂಢಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸರ್ಕಾರದ ದೊಡ್ಡ ಯೋಜನೆಗೂ ಕಷ್ಟವೇ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಸದುದ್ದೇಶದ್ದು. ಮನೆಗೆ ಕೊಟ್ಟ ಧಾನ್ಯ ಎಲ್ಲರ ತಟ್ಟೆಗೂ ಹೋಗುತ್ತದೆ, ಅವಳ ತಟ್ಟೆಗೇ ಬೀಳಲಿ ಎಂಬ ಆಲೋಚನೆ ಸರಿಯಾದದ್ದೇ. ಆದರೆ ಮಲೆನಾಡಿನಲ್ಲಿ ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ. ತುಂಬಿದ ಬಸುರಿ ಮಳೆಯಲ್ಲಿ ದಿನಾ ಅಷ್ಟು ದೂರ ನಡೆಯಬೇಕು. ಬಾಣಂತಿ ಹೊಸ್ತಿಲು ದಾಟಬಾರದು ಎನ್ನುವ ಮನೆಗಳು ಬೇರೆ. ಊಟಕ್ಕೆ ಬರಲಾಗುತ್ತಿಲ್ಲ ಎಂಬ ದೂರು ಬೇಗನೆ ಕೇಳಿಬಂತು. ಹಸಿದವಳಿಗೆ ಊಟ ಬೇಡವಾಗಿರಲಿಲ್ಲ. ಊಟ ಇದ್ದ ಜಾಗ ಅವಳಿಗೆ ಎಟುಕುತ್ತಿರಲಿಲ್ಲ. ಫಲಾನುಭವಿಗಳ ಸಂಖ್ಯೆ ಇಷ್ಟು ಎಂದು ಅರ್ಜಿಯಲ್ಲಿ ಬರೆಯುವಾಗ ಪ್ರತಿಯೊಬ್ಬಳೂ ಎಷ್ಟು ಹೆಜ್ಜೆ ನಡೆಯಬೇಕಾಗುತ್ತದೆ ಎಂಬುದೂ ಬಜೆಟ್ಟಿನ ಭಾಗವೇ.

ಬಜೆಟ್ ಎಂದರೆ ಸಣ್ಣ ಸಂಸ್ಥೆಗಳಿಗೆ ಒಂದು ಅಂಜಿಕೆ ಇದೆ. ಸಂಬಳ ಎಂದು ಬರೆದರೆ ದಾನಿ ಮುಖ ತಿರುಗಿಸುತ್ತಾರೆ, ಉಪಕರಣ ಎಂದು ಬರೆದರೆ ಒಪ್ಪುತ್ತಾರೆ. ಹೀಗಾಗಿ ಸ್ಕ್ಯಾನಿಂಗ್ ಯಂತ್ರ ಬರುತ್ತದೆ, ಅದನ್ನು ನಡೆಸುವವರು ಬರುವುದಿಲ್ಲ. ತಾಯಂದಿರ ಆರೋಗ್ಯದಲ್ಲಿ ಮನುಷ್ಯರೇ ಯೋಜನೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಗೇಟ್ಸ್ ಫೌಂಡೇಶನ್ನಿನ ನೆರವಿನಿಂದ ಬಾಗಲಕೋಟೆ, ಬಳ್ಳಾರಿ, ಬೀದರ್, ವಿಜಯಪುರ, ಕಲಬುರಗಿ, ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿ ನಡೆಸಿದ ಸುಕ್ಷೇಮ ಯೋಜನೆಯ ಒಂದು ಮುಖ್ಯ ಅಂಗ ನರ್ಸ್ ಮೆಂಟರ್‌ಗಳು. ಅನುಭವಿ ನರ್ಸೊಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮತ್ತೆ ಮತ್ತೆ ಹೋಗಿ, ಅಲ್ಲಿನ ಸ್ಟಾಫ್ ನರ್ಸ್ ಪಕ್ಕದಲ್ಲಿ ನಿಂತು, ಕೈ ಹಿಡಿದು ಕಲಿಸುವ ಕ್ರಮ. ಇದರ ಖರ್ಚು ಯಾವುದು? ಆ ನರ್ಸ್‌ನ ಸಂಬಳ ಮತ್ತು ಓಡಾಟ. ಅದನ್ನು ಮೇಲ್ಖರ್ಚು ಎಂದು ಕರೆದು ಕತ್ತರಿಸಿದರೆ ಉಳಿಯುವುದು ಬ್ಯಾನರ್ ಮಾತ್ರ.

ಕಾನೂನಿನ ಬಗ್ಗೆಯೂ ಇಲ್ಲಿ ಹುಸಿ ಭಯವೇ ಜಾಸ್ತಿ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ, ಎಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ಅದರ ನಿಯಮದಲ್ಲಿ ಆಡಳಿತ ವೆಚ್ಚ ಶೇ 5 ಮೀರಬಾರದು ಎಂದಿದೆ. ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಸ್ವಂತ ಖರ್ಚಿಗೆ. ಹಳ್ಳಿಯಲ್ಲಿ ಕೆಲಸ ಮಾಡುವ ಟ್ರಸ್ಟಿನ ನರ್ಸ್ ಸಂಬಳಕ್ಕೆ ಅದನ್ನು ಅನ್ವಯಿಸಿಕೊಂಡು ಅರ್ಜಿದಾರರೇ ತಮ್ಮ ಬಜೆಟ್ ಕುಗ್ಗಿಸಿಕೊಳ್ಳುವುದುಂಟು. ವಿದೇಶಿ ಹಣದ ವಿಷಯ ಬೇರೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವಂತಿಲ್ಲ. ಆದರೂ ಆಸ್ಪತ್ರೆಯ ವೈದ್ಯರ ಸಂಬಳದಂಥ ನೇರ ಸೇವೆಯ ಖರ್ಚು ಆಡಳಿತ ವೆಚ್ಚವಲ್ಲ ಎಂದು ನಿಯಮವೇ ಹೇಳುತ್ತದೆ. ಹಂಚಿಕೆಯ ನಿಷೇಧ ಮಾತ್ರ ನಿಜಕ್ಕೂ ಹೊಡೆತ. ದೊಡ್ಡ ಸಂಸ್ಥೆಯ ನೆರಳಿನಲ್ಲಿ ಬದುಕುತ್ತಿದ್ದ ಹಳ್ಳಿಯ ಪುಟ್ಟ ಮಹಿಳಾ ಸಂಘಗಳಿಗೆ ಆ ದಾರಿ ಮುಚ್ಚಿತು.

ಇನ್ನು ವರದಿ. ಅರ್ಜಿ ಬರೆಯುವಾಗಿನ ಉತ್ಸಾಹ ವರದಿ ಬರೆಯುವಾಗ ಇರುವುದಿಲ್ಲ. ಡಿಸೆಂಬರ್ 31ರೊಳಗೆ ವಿದೇಶಿ ದೇಣಿಗೆಯ ವಾರ್ಷಿಕ ಲೆಕ್ಕ ಸಲ್ಲಿಸಬೇಕು, ಅದಕ್ಕೂ ಮುಂಚೆ ದಾನಿಗೆ ಆರು ತಿಂಗಳ ವರದಿ, ಜೊತೆಗೆ ಹಣ ಬಳಕೆಯ ಪ್ರಮಾಣಪತ್ರ. ಆತುರದಲ್ಲಿ ಸುಲಭವಾಗಿ ಸಿಗುವ ಅಂಕಿಗಳೇ ಪುಟ ತುಂಬುತ್ತವೆ: ಇಷ್ಟು ತರಬೇತಿ, ಇಷ್ಟು ಶಿಬಿರ, ಇಷ್ಟು ಕರಪತ್ರ. ತರಬೇತಿ ಪಡೆದ ನರ್ಸ್ ಮುಂದಿನ ಹೆರಿಗೆಯಲ್ಲಿ ಏನು ಮಾಡಿದಳು ಎಂಬ ಸಾಲು ಕಾಣುವುದಿಲ್ಲ.

ಹೀಗೆ ನೋಡಿದ ಒಂದು ಪ್ರಯೋಗ ಕರ್ನಾಟಕದಲ್ಲೇ ಶುರುವಾಯಿತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ರಾಜ್ಯದ ಒಂದು ಹೆರಿಗೆ ಕೇಂದ್ರದಲ್ಲಿ ಪರೀಕ್ಷಿಸಿದರು. ಕೈ ತೊಳೆದರೇ, ರಕ್ತದೊತ್ತಡ ನೋಡಿದರೇ, ಹೆರಿಗೆಯಾದ ಕೂಡಲೇ ಚುಚ್ಚುಮದ್ದು ಕೊಟ್ಟರೇ ಎಂಬಂಥ 29 ಕೆಲಸಗಳಲ್ಲಿ ಸರಾಸರಿ 10 ನಡೆಯುತ್ತಿದ್ದವು; ಪಟ್ಟಿ ಬಂದ ಮೇಲೆ 25. ಎಲ್ಲರೂ ಸಂಭ್ರಮಿಸಿದರು. ಮುಂದೆ ಇದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ, ಬೆಟರ್‌ಬರ್ತ್ ಎಂಬ ಹೆಸರಿನಲ್ಲಿ ಪರೀಕ್ಷಿಸಿದರು. ಅಲ್ಲಿಯೂ ಹಣ ಗೇಟ್ಸ್ ಫೌಂಡೇಶನ್ನಿನದು, ತಂಡದ ಮುಂಚೂಣಿಯಲ್ಲಿದ್ದವರಲ್ಲಿ ಶಸ್ತ್ರವೈದ್ಯ, ಲೇಖಕ ಅತುಲ್ ಗವಾಂಡೆ ಒಬ್ಬರು. 2017ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಸಿಬ್ಬಂದಿಯ ಕೆಲಸದ ರೀತಿ ಸುಧಾರಿಸಿತ್ತು. ತಾಯಿ ಮಕ್ಕಳ ಸಾವು ಮತ್ತು ತೀವ್ರ ತೊಂದರೆಗಳ ಪ್ರಮಾಣ ಮಾತ್ರ ಇಳಿದಿರಲಿಲ್ಲ; ಪಟ್ಟಿ ಇದ್ದ ಕಡೆ ಶೇ 15.1, ಇಲ್ಲದ ಕಡೆ 15.3.

ಇಷ್ಟು ದೊಡ್ಡ ಹಣ, ಇಷ್ಟು ದೊಡ್ಡ ಹೆಸರು, ಆದರೂ 'ಇಳಿಯಲಿಲ್ಲ' ಎಂದು ಅವರು ಮೊದಲ ಪುಟದಲ್ಲೇ ಬರೆದರು. ಅದರಿಂದ ಆದ ಉಪಕಾರ ಸಣ್ಣದಲ್ಲ. ಪಟ್ಟಿಯೊಂದೇ ಸಾಲದು, ಔಷಧ, ರಕ್ತ, ಕೈಚಳಕ, ಮೇಲಿನ ಆಸ್ಪತ್ರೆಯ ಆಸರೆ ಎಲ್ಲ ಬೇಕು ಎಂದು ಆಮೇಲಿನವರು ಕಲಿತರು. ತಾಲ್ಲೂಕಿನ ಟ್ರಸ್ಟೂ ತನ್ನ ವರದಿಯಲ್ಲಿ 'ಆಗಲಿಲ್ಲ' ಎಂಬ ಅಧ್ಯಾಯವೊಂದನ್ನು ಧೈರ್ಯವಾಗಿ ಇಡಬೇಕು. ಅದನ್ನು ಓದಿ ಅನುದಾನ ನಿಲ್ಲಿಸುವ ದಾನಿ ಇರಬಹುದು. ಆದರೆ ಅನುಭವಿ ದಾನಿಗಳು ಎಲ್ಲ ಗುರಿಯೂ ಶೇ 100 ಮುಟ್ಟಿದ ವರದಿಯನ್ನೇ ಹೆಚ್ಚು ಅನುಮಾನಿಸುತ್ತಾರೆ.

ಕಣ್ಣೀರಿನ ಫೋಟೊಗಳ ಬಗ್ಗೆ ಒಂದು ಮಾತು ಕಟುವಾಗಿಯೇ ಹೇಳಬೇಕು. ಸತ್ತ ಬಾಣಂತಿಯ ಕೂಸನ್ನು ಎತ್ತಿಕೊಂಡ ಅಜ್ಜಿಯ ಚಿತ್ರ ವರದಿಯ ಮುಖಪುಟಕ್ಕೆ ಬರಬಾರದು. ಆ ಅಜ್ಜಿ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟಿದ್ದರೂ ಬರಬಾರದು, ಏಕೆಂದರೆ ಆ ಹೊತ್ತಿನಲ್ಲಿ ಅವಳಿಗೆ ಬೇಡ ಎನ್ನುವ ಶಕ್ತಿ ಇರುವುದಿಲ್ಲ. ಸರ್ಕಾರದ ತಾಯಂದಿರ ಮರಣ ಪರಿಶೀಲನಾ ಕ್ರಮದಲ್ಲಿ ಹೆಸರು ಹೇಳದ, ತಪ್ಪು ಹೊರಿಸದ ತತ್ವವಿದೆ. ಅನುದಾನದ ವರದಿಗೂ ಅದೇ ಶಿಸ್ತು ಬೇಕು. ಹೆಸರು, ಊರು ತೆಗೆದು, ಗಂಟೆಗಂಟೆಗೆ ಏನಾಯಿತು ಎಂದು ಬರೆದ ಅರ್ಧ ಪುಟ ಸಾಕು.

ಬರೆಯುವ ಭಾಷೆಯೂ ಮುಖ್ಯ. ಅರ್ಜಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಹುಟ್ಟುತ್ತದೆ, ಬೆಂಗಳೂರಿನ ಕಚೇರಿಯಲ್ಲಿ ಮುಗಿಯುತ್ತದೆ. ಅದರಲ್ಲಿ ಏನು ಮಾತು ಕೊಟ್ಟಿದೆ ಎಂದು ಅದನ್ನು ನಡೆಸಬೇಕಾದ ಆಶಾಗೆ ಎರಡನೇ ವರ್ಷದಲ್ಲೂ ಗೊತ್ತಿರುವುದಿಲ್ಲ. ಮೊದಲು ಕನ್ನಡದಲ್ಲಿ ಬರೆದು, ನಾಲ್ಕು ಜನ ಆಶಾ, ಸಹಾಯಕಿಯರ ಮುಂದೆ ಗಟ್ಟಿಯಾಗಿ ಓದಿ, ಆಮೇಲೆ ಇಂಗ್ಲಿಷಿಗೆ ಹೋದರೆ ಅರ್ಧ ತಪ್ಪು ಅಲ್ಲೇ ಉದುರುತ್ತದೆ. ಗರ್ಭಿಣಿಯರನ್ನೆಲ್ಲ 12 ವಾರದೊಳಗೆ ನೋಂದಾಯಿಸುತ್ತೇವೆ ಎಂದು ಓದಿದ ಕೂಡಲೇ ಅವರು ನಗುತ್ತಾರೆ: 'ಮೂರು ತಿಂಗಳು ತುಂಬೋವರೆಗೂ ಅತ್ತೆಗೇ ಹೇಳಲ್ಲ, ನಮಗೆ ಹೇಳ್ತಾಳಾ?' ಆಗ ಗುರಿ ಬದಲಾಗುತ್ತದೆ, ಅಥವಾ ಗುರಿ ತಲುಪುವ ದಾರಿ ಬದಲಾಗುತ್ತದೆ. ದಿನಕ್ಕೆ ಮೂರು ಕ್ಯಾಲ್ಸಿಯಂ ಗುಳಿಗೆ ನುಂಗಿಸುತ್ತೇವೆ ಎಂದರೂ ಅವರು ತಲೆ ಅಲ್ಲಾಡಿಸುತ್ತಾರೆ. ಅವರ ಅನುಮಾನಕ್ಕೆ ಈಗ ವಿಜ್ಞಾನದ ಬೆಂಬಲವೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಪಾಲ್ಗೊಂಡು ಬೆಂಗಳೂರು ಮತ್ತು ಟಾಂಜಾನಿಯಾದಲ್ಲಿ ತಲಾ 11,000 ಗರ್ಭಿಣಿಯರೊಂದಿಗೆ ನಡೆದ ಅಧ್ಯಯನ, ಬಸಿರಿನ ರಕ್ತದೊತ್ತಡದ ತೊಂದರೆ ತಡೆಯಲು ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂಗಿಂತ 500 ಮಿಲಿಗ್ರಾಂ ಏನೂ ಕಡಿಮೆಯಲ್ಲ ಎಂದು 2024ರ ಜನವರಿಯಲ್ಲಿ ತೋರಿಸಿತು. ಮೂರು ಗುಳಿಗೆಯ ಜಾಗದಲ್ಲಿ ಒಂದು.

ಮತ್ತೆ ಆ ತಾಲ್ಲೂಕಿಗೆ. ಮೂರು ವರ್ಷ ಮುಗಿದಿದೆ ಎಂದಿಟ್ಟುಕೊಳ್ಳಿ. ಸಾವು ಎರಡು, ಮೂರು, ಎರಡು. ಪ್ರಮಾಣ ಅರ್ಧವಾಗಿಲ್ಲ. ಆದರೆ ವರದಿಯಲ್ಲಿ ಏಳೂ ಸಾವುಗಳ ಅರ್ಧರ್ಧ ಪುಟದ ವಿವರವಿದೆ. ಅವುಗಳಲ್ಲಿ ನಾಲ್ಕರಲ್ಲಿ ಬಾಣಂತಿ ತಾಲ್ಲೂಕು ಆಸ್ಪತ್ರೆಗೆ ಸಕಾಲಕ್ಕೆ ಬಂದಿದ್ದಳು, ರಕ್ತಸ್ರಾವವನ್ನು ಗುರುತಿಸಿದ್ದರು, ವೈದ್ಯರೂ ಇದ್ದರು, ರಕ್ತ ಇರಲಿಲ್ಲ. ರಾತ್ರಿ ಹನ್ನೊಂದರ ನಂತರ ಗಂಡನ ಕೈಗೆ ಚೀಟಿ ಕೊಟ್ಟು ಜಿಲ್ಲಾ ಕೇಂದ್ರದಿಂದ ರಕ್ತ ತರಲು ಕಳಿಸಿದ್ದರು. ಮುಂದಿನ ಅನುದಾನದ ಅರ್ಜಿಯ ಬಜೆಟ್ ಈಗ ಒಂದೇ ಪುಟಕ್ಕೆ ಇಳಿದಿದೆ: ತಾಲ್ಲೂಕು ಆಸ್ಪತ್ರೆಯ ರಕ್ತ ಶೇಖರಣಾ ಘಟಕಕ್ಕೆ ಒಂದು ಫ್ರಿಜ್, ಅದಕ್ಕೆ ಜನರೇಟರ್ ಸಂಪರ್ಕ, ತಂತ್ರಜ್ಞರಿಬ್ಬರ ಸಂಬಳ, ರಾತ್ರಿ ಪಾಳಿಗೆ ಒಬ್ಬ ಚಾಲಕ, ಐಸ್ ಪೆಟ್ಟಿಗೆ ಎರಡು.